ಬಣ್ಣ ಬಳಿದ ಆಟ್ಕೊ, ಬಣ್ಣ ಬಳಿಯದ ಆಟ್ಕೊ: ಎರಡು ಹಳೆಯ ಟೂ ಸ್ಟ್ರೋಕ್ ಲಾನ್ ಮೋವರ್‌ಗಳ ವಿಮರ್ಶೆ

ನನ್ನ ಬಳಿ ಈಗ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಹಳೆಯ ಲಾನ್ ಮೋವರ್‌ಗಳಿವೆ. ಎರಡೂ ಇಂಗ್ಲೆಂಡಿನಲ್ಲಿ ತಯಾರಾದ ಆಟ್ಕೊ ಯಂತ್ರಗಳು. ಎರಡರಲ್ಲೂ ವಿಲಿಯರ್ಸ್ ಕಂಪನಿಯ 98 ಸಿಸಿ ಟೂ ಸ್ಟ್ರೋಕ್ ಎಂಜಿನ್ ಇದೆ. ಮೊದಲನೆಯದನ್ನು ನಾಲ್ಕು ವರ್ಷಗಳ ಹಿಂದೆ, ಪೂರ್ತಿಯಾಗಿ ರೆಸ್ಟೋರ್ ಮಾಡಿದ ಯಂತ್ರವೆಂದು ನಂಬಿ, ಬೆಂಗಳೂರಿನ ಒಂದು ವರ್ಕ್‌ಶಾಪಿನಿಂದ 42,000 ರೂಪಾಯಿಗೆ ಕೊಂಡಿದ್ದೆ. ಎರಡನೆಯದನ್ನು ಕಳೆದ ವರ್ಷ ರಿಚರ್ಡ್ಸ್ ಟೌನಿನ ಒಂದು ಬಂಗಲೆಯ ಹಿತ್ತಿಲ ಶೆಡ್ಡಿನಿಂದ, ಆ ಬಂಗಲೆಯನ್ನು ಕೆಡವುವುದಕ್ಕೆ ಎರಡು ವಾರ ಮೊದಲು, 11,000 ರೂಪಾಯಿಗೆ ತಂದೆ. ಮೊದಲನೆಯದು ಮದುವೆ ಮನೆಗೆ ಹೊರಟಂತೆ ಹೊಳೆಯುತ್ತದೆ. ಎರಡನೆಯದರ ಹಸಿರು ಬಣ್ಣ ಅರ್ಧಕ್ಕರ್ಧ ಮಾಸಿದೆ, ಹಿಡಿಕೆಯ ರಬ್ಬರ್ ಸವೆದಿದೆ, ಪೆಟ್ರೋಲ್ ಟ್ಯಾಂಕಿನ ಒಂದು ಬದಿಯಲ್ಲಿ ತಗ್ಗು ಬಿದ್ದಿದೆ. ಎರಡನ್ನೂ ಬಿಚ್ಚಿ, ಜೋಡಿಸಿ, ಹುಲ್ಲಿನ ಮೇಲೆ ಓಡಿಸಿ ನೋಡಿದ ಮೇಲೆ, ಸಂಗ್ರಹಕಾರನ ದೃಷ್ಟಿಯಿಂದ ಎರಡನೆಯದಕ್ಕೇ ಹೆಚ್ಚಿನ ಬೆಲೆಯಿದೆ ಎಂಬುದು ನನಗೆ ಖಚಿತವಾಗಿದೆ. ಇಂತಹ ಯಂತ್ರವನ್ನು ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತೆಂದು ಆ ತೀರ್ಮಾನದ ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಈ ಯಂತ್ರದ ಹುಟ್ಟಿನ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಬಳಿ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಅಲಗುಗಳ ಒಂದು ಯಂತ್ರವನ್ನು ಬಳಸುತ್ತಿದ್ದರು. ಬಟ್ಟೆಯ ನವಿರನ್ನು ಕತ್ತರಿಸುವ ಕ್ರಮದಿಂದಲೇ ನೆಲದ ಹುಲ್ಲನ್ನೂ ಕತ್ತರಿಸಬಹುದೆಂದು ಯೋಚಿಸಿ ಎಡ್ವಿನ್ ಬಡಿಂಗ್ 1830ರಲ್ಲಿ ಮೊದಲ ಲಾನ್ ಮೋವರ್‌ಗೆ ಪೇಟೆಂಟ್ ಪಡೆದರು. ಬಿನ್ನಿ ಮಿಲ್ಲಿನ ಸೈರನ್ ಕೇಳಿ ಬೆಳೆದ ಬೆಂಗಳೂರಿನವರಿಗೆ, ಹುಲ್ಲು ಕತ್ತರಿಸುವ ಯಂತ್ರವು ಬಟ್ಟೆ ಗಿರಣಿಯಿಂದ ಹೊರಟು ಬಂದದ್ದು ಎಂಬ ಸಂಗತಿ ಆಪ್ತವಾಗಿ ಕಂಡೀತು. ಬಡಿಂಗ್ ಅವರ ಯಂತ್ರವನ್ನು ಮನುಷ್ಯರು ತಳ್ಳಬೇಕಾಗಿತ್ತು. ರಾನ್ಸಮ್ಸ್ ಕಂಪನಿ 1902ರಲ್ಲಿ ಪೆಟ್ರೋಲ್ ಎಂಜಿನ್ನಿನ ಮೋವರ್ ಅನ್ನು ಮಾರಾಟಕ್ಕೆ ತಂದಿತಾದರೂ ಅಂತಹ ಯಂತ್ರಗಳು ದೊಡ್ಡ ಎಸ್ಟೇಟುಗಳಿಗೆ ಮಾತ್ರ ಎಟುಕುವಂಥವಾಗಿದ್ದವು. ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಕಂಪನಿ 1921ರಲ್ಲಿ 22 ಇಂಚು ಅಗಲದ ಆಟ್ಕೊ ಸ್ಟ್ಯಾಂಡರ್ಡ್ ಮಾದರಿಯನ್ನು 75 ಪೌಂಡ್ ಬೆಲೆಗೆ ಹೊರತಂದಾಗ ಹಗುರವಾದ ಟೂ ಸ್ಟ್ರೋಕ್ ಎಂಜಿನ್ ಹುಲ್ಲುಹಾಸಿನ ಮೇಲೆ ನೆಲೆಯೂರಿತು. ಆಟ್ಕೊ ಎಂಬ ಹೆಸರು ಅಟ್ಲಾಸ್ ಚೈನ್ ಕಂಪನಿ ಎಂಬುದರ ಹ್ರಸ್ವರೂಪ. ಚೈನು ತಯಾರಿಸುತ್ತಿದ್ದವರೇ ಮೋವರ್ ತಯಾರಿಸಿದ್ದರಿಂದ, ಎಂಜಿನ್ನಿನಿಂದ ಅಲಗಿಗೂ ರೋಲರ್‌ಗೂ ಚೈನಿನ ಮೂಲಕ ಬಲ ಹಾಯಿಸಿದ ಏರ್ಪಾಡಿನಲ್ಲಿ ಕಸುಬು ಬಲ್ಲವರ ಕೈ ಕಾಣುತ್ತದೆ.

ವಿನ್ಯಾಸದ ದೃಷ್ಟಿಯಿಂದ ನನಗೆ ಅತ್ಯಂತ ಇಷ್ಟವಾಗುವುದು ಇದರ ಕತ್ತರಿಸುವ ಕ್ರಮ. ನಮ್ಮ ಅಡುಗೆಮನೆಯ ಈಳಿಗೆ ಮಣೆಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿಯನ್ನು ಕೈ ಅದರತ್ತ ತರುತ್ತದೆ. ಆಟ್ಕೊದಂತಹ ಸಿಲಿಂಡರ್ ಮೋವರ್‌ನಲ್ಲೂ ಕೆಳಗೆ ನೆಲಕ್ಕೆ ಸಮಾನಾಂತರವಾಗಿ ಒಂದು ಅಲುಗಾಡದ ಅಲಗು ಇದೆ. ಅದರ ಮುಂದೆ ಸುತ್ತುವ ಸಿಲಿಂಡರಿನ ಸುರುಳಿ ಅಲಗುಗಳು ಹುಲ್ಲಿನ ಎಳೆಗಳನ್ನು ಬಾಚಿ ತಂದು ಅದಕ್ಕೆ ಒತ್ತುತ್ತವೆ, ಆ ಕ್ಷಣದಲ್ಲಿ ಕತ್ತರಿಯ ಎರಡು ಬಾಯಿ ಕೂಡಿದಂತೆ ಹುಲ್ಲು ತುಂಡಾಗುತ್ತದೆ. ಅಲಗುಗಳು ನೇರವಾಗಿರದೆ ಸುರುಳಿಯಾಗಿರುವುದಕ್ಕೆ ಕಾರಣವಿದೆ: ಯಾವ ಕ್ಷಣದಲ್ಲೂ ಅಲಗಿನ ಪೂರ್ತಿ ಉದ್ದವಲ್ಲ, ಒಂದೆರಡು ಬಿಂದುಗಳು ಮಾತ್ರ ಕೆಳಗಿನ ಅಲಗನ್ನು ಸಂಧಿಸುವುದರಿಂದ ಎಂಜಿನ್ನಿನ ಮೇಲೆ ಒಮ್ಮೆಲೇ ಹೊರೆ ಬೀಳುವುದಿಲ್ಲ. ಎರಡರಿಂದ ಮೂರು ಅಶ್ವಶಕ್ತಿಯಷ್ಟೇ ಇರುವ ಸಣ್ಣ ಎಂಜಿನ್ ಇಷ್ಟು ತೂಕದ ಯಂತ್ರವನ್ನು ತಾನೇ ನಡೆಸಿಕೊಂಡು, ಹುಲ್ಲನ್ನೂ ಕತ್ತರಿಸುವುದು ಹೀಗೆ ಸಾಧ್ಯವಾಗುತ್ತದೆ. ಹಿಂದಿನ ರೋಲರ್ ಎರಡು ತುಂಡುಗಳಲ್ಲಿದ್ದು, ತಿರುವಿನಲ್ಲಿ ಒಂದು ಬದಿ ಬೇಗ, ಇನ್ನೊಂದು ಬದಿ ನಿಧಾನವಾಗಿ ಉರುಳುತ್ತದೆ. ಆದ್ದರಿಂದ ತಿರುಗಿಸುವಾಗ ಹುಲ್ಲು ಕಿತ್ತು ಬರುವುದಿಲ್ಲ. ಆ ರೋಲರ್ ಹುಲ್ಲನ್ನು ಹೋಗುವಾಗ ಒಂದು ಕಡೆಗೂ ಬರುವಾಗ ಇನ್ನೊಂದು ಕಡೆಗೂ ಮಲಗಿಸುವುದರಿಂದಲೇ ಲಾನಿನ ಮೇಲೆ ತಿಳಿ ಹಸಿರು, ಕಡು ಹಸಿರಿನ ಪಟ್ಟೆಗಳು ಮೂಡುತ್ತವೆ. ಮುಂದಿನ ಹುಲ್ಲು ಪೆಟ್ಟಿಗೆಯಂತೂ ನೋಡುವುದಕ್ಕೆ ದೊಡ್ಡ ಮೊರದಂತೆಯೇ ಇದೆ. ಅಲಗು ಎಸೆದ ಹುಲ್ಲು ಅದರ ಬಾಗಿದ ಬೆನ್ನಿಗೆ ತಾಗಿ ಒಳಕ್ಕೆ ಜಾರುತ್ತದೆ.

ಇನ್ನು ಎಂಜಿನ್. ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಕಂಪನಿ ಬ್ರಿಟನ್ನಿನ ಅನೇಕ ಮೋಟರ್ ಸೈಕಲ್‌, ಮೋವರ್ ಮತ್ತು ಪಂಪ್ ತಯಾರಕರಿಗೆ ಟೂ ಸ್ಟ್ರೋಕ್ ಎಂಜಿನ್ನುಗಳನ್ನು ಒದಗಿಸುತ್ತಿತ್ತು. ಇದರೊಳಗೆ ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಕೋಣೆಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸೇರುತ್ತದೆ. ಕೆಳಗೆ ಬರುವಾಗ ಆ ಮಿಶ್ರಣವೇ ಒತ್ತಿಕೊಂಡು ಸಿಲಿಂಡರಿನ ಗೋಡೆಯ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗಿ, ಸುಟ್ಟ ಹೊಗೆಯನ್ನು ಎದುರಿನ ಕಿಂಡಿಯಿಂದ ಹೊರದೂಡುತ್ತದೆ. ನನ್ನ ಎರಡೂ ಎಂಜಿನ್ನುಗಳ ಪಿಸ್ಟನ್ ನೆತ್ತಿ ಚಪ್ಪಟೆಯಾಗಿಲ್ಲ, ಅದರ ಮೇಲೆ ಒಂದು ದಿಬ್ಬವಿದೆ. ಒಳಬರುವ ಹೊಸ ಮಿಶ್ರಣವು ನೇರವಾಗಿ ಹೊರಕಿಂಡಿಗೆ ಹೋಗಿಬಿಡದೆ ಮೇಲಕ್ಕೆ ತಿರುಗಲಿ ಎಂಬುದು ಆ ದಿಬ್ಬದ ಉದ್ದೇಶ. ಮುಂದೆ ಕಿಂಡಿಗಳನ್ನೇ ಓರೆಯಾಗಿ ಕೊರೆದು ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿಸುವ ವಿಧಾನ ಬಂದಾಗ ದಿಬ್ಬದ ಪಿಸ್ಟನ್ ಮೂಲೆ ಸೇರಿತು. ಬಿಚ್ಚಿದ ಎಂಜಿನ್ನಿನಲ್ಲಿ ಆ ದಿಬ್ಬವನ್ನು ಕಣ್ಣಾರೆ ನೋಡಿದಾಗ, ಒಂದು ಕಾಲದ ಎಂಜಿನಿಯರುಗಳು ಯಾವ ತೊಡಕನ್ನು ಹೇಗೆ ಬಿಡಿಸಿದರು ಎಂಬುದು ಲೋಹದಲ್ಲೇ ಬರೆದಿಟ್ಟಂತೆ ಕಾಣುತ್ತದೆ. ಬ್ಯಾಟರಿಯೂ ಇದಕ್ಕೆ ಬೇಡ. ಫ್ಲೈವೀಲಿನೊಳಗೆ ಕೂತ ಅಯಸ್ಕಾಂತಗಳೇ ಪ್ಲಗ್ಗಿಗೆ ಕಿಡಿ ಒದಗಿಸುತ್ತವೆ.

ಬಂಗಲೆಯಿಂದ ತಂದ ಯಂತ್ರವನ್ನು ಬಿಚ್ಚಿಸಲು ನಾನು ಹೋದದ್ದು ವಿಲ್ಸನ್ ಗಾರ್ಡನ್ನಿನಲ್ಲಿ ಮೂವತ್ತು ವರ್ಷಗಳಿಂದ ಟೂ ಸ್ಟ್ರೋಕ್ ಬೈಕುಗಳನ್ನೇ ರಿಪೇರಿ ಮಾಡುತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ. ಅವರು ಎಂಜಿನ್ನಿನ ಸಿಲಿಂಡರಿನೊಳಗೆ ಅಳತೆಯ ವರ್ನಿಯರ್ ಇಟ್ಟು ನೋಡಿ, “ಸಾರ್, ಇದು ನಮ್ಮ ಆರ್‌ಎಕ್ಸ್ ಬೋರೇ ಅಲ್ವಾ?” ಎಂದರು. ಅವರ ಮಾತು ನಿಜ. ಈ ವಿಲಿಯರ್ಸ್ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸರಿಯುವ ದೂರ) 50 ಮಿ.ಮೀ.; 1985ರಿಂದ 1996ರವರೆಗೆ ನಮ್ಮ ರಸ್ತೆಗಳನ್ನು ಆಳಿದ ಯಮಹಾ ಆರ್‌ಎಕ್ಸ್ 100ರ ಅಳತೆಯೂ ಅದೇ. ಒಂದೇ ಅಳತೆಯ ಕೋಣೆಯಿಂದ ಆರ್‌ಎಕ್ಸ್ ಸುಮಾರು 11 ಅಶ್ವಶಕ್ತಿ ತೆಗೆದರೆ, ವಿಲಿಯರ್ಸ್ ಅದರ ಕಾಲು ಭಾಗಕ್ಕೆ ತೃಪ್ತಿಪಡುತ್ತದೆ, ಏಕೆಂದರೆ ಅದು ನಿಧಾನವಾಗಿ ತಿರುಗಿ ಇಡೀ ಬೆಳಗ್ಗೆ ಒಂದೇ ಹದದಲ್ಲಿ ದುಡಿಯುವುದಕ್ಕಾಗಿ ಮಾಡಿದ ಎಂಜಿನ್. ಬೋರ್ ಒಂದೇ ಎಂದ ಮಾತ್ರಕ್ಕೆ ಆರ್‌ಎಕ್ಸ್ ಪಿಸ್ಟನ್ ಇದಕ್ಕೆ ಕೂರುವುದಿಲ್ಲ. ಪಿನ್ನಿನ ಗಾತ್ರ, ಪಿಸ್ಟನ್ನಿನ ಎತ್ತರ, ರಿಂಗುಗಳ ದಪ್ಪ, ನೆತ್ತಿಯ ಆಕಾರ ಎಲ್ಲವೂ ಬೇರೆ. ಆದರೆ ಕೈಗಳ ಅನುಭವ ಬೇರೆಯಲ್ಲ. ಯೆಜ್ಡಿ, ಆರ್‌ಎಕ್ಸ್, ಚೇತಕ್, ಹಳೆಯ ಆಟೋರಿಕ್ಷಾ ಎಂದು ದಶಕಗಳ ಕಾಲ ಟೂ ಸ್ಟ್ರೋಕ್ ಬಿಚ್ಚಿದ ಈ ಊರಿನ ಮೆಕ್ಯಾನಿಕ್ಕುಗಳಿಗೆ ಹಳೆಯ ಮೋವರ್‌ನ ಎಂಜಿನ್ ಹೊಸ ಭಾಷೆಯಲ್ಲ. ಕಿಡಿಯ ಏರ್ಪಾಡಿಗೆ ಬೇಕಾದ ಕಂಡೆನ್ಸರ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಬುಷ್ಷನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ಲಿನಲ್ಲಿ ತಿರುಗಿಸಿಕೊಟ್ಟರು. ಹಳೆಯ ಬ್ರಿಟಿಷ್ ಮೋವರ್ ಅನ್ನು ಇಟ್ಟುಕೊಳ್ಳಲು ಬೆಂಗಳೂರು ತಕ್ಕ ಊರು ಎಂದು ನಾನು ನಂಬುವುದಕ್ಕೆ ಇದೇ ಕಾರಣ.

ಈಗ ಬಣ್ಣ ಬಳಿದ ಯಂತ್ರದ ವಿಷಯ. ಅದನ್ನು ಮನೆಗೆ ತಂದ ಮೊದಲ ವಾರ ನನಗೆ ಅದರ ಮೇಲೆ ಎಷ್ಟು ಹೆಮ್ಮೆಯಿತ್ತೆಂದರೆ, ಬಂದವರೆಲ್ಲರಿಗೂ ತೋರಿಸುತ್ತಿದ್ದೆ. ಹುಲ್ಲಿನ ಮೇಲೆ ಓಡಿಸಿದ ದಿನ ಅದು ಹುಲ್ಲನ್ನು ಕತ್ತರಿಸದೆ ಜಗಿದು ಹರಿಯಿತು. ಅಲಗುಗಳನ್ನು ಪರೀಕ್ಷಿಸಿದಾಗ, ಅವುಗಳ ಅಂಚನ್ನೂ ಸೇರಿಸಿ ಇಡೀ ಸಿಲಿಂಡರಿಗೆ ಮರಳಿನ ಬ್ಲಾಸ್ಟಿಂಗ್ ಮಾಡಿ ಅದರ ಮೇಲೆ ಪೌಡರ್ ಕೋಟಿಂಗ್ ಹಾಕಿದ್ದಾರೆಂಬುದು ತಿಳಿಯಿತು. ಸಾಣೆ ಹಿಡಿದ ಅಂಚು ಬಣ್ಣದ ಕೆಳಗೆ ಮೊಂಡಾಗಿ ಮಲಗಿತ್ತು. ಅದನ್ನು ಮತ್ತೆ ಸಾಣೆ ಹಿಡಿಸಿದ್ದಾಯಿತು; ಅದು ಸರಿಪಡಿಸಬಹುದಾದ ದೋಷ. ಸರಿಪಡಿಸಲಾಗದವು ಬೇರೆ ಇದ್ದವು. ಟ್ಯಾಂಕಿನ ಮೇಲಿರಬೇಕಾದ ಕಂಪನಿಯ ಅಂಟುಚಿತ್ರವನ್ನು ಉಜ್ಜಿ ತೆಗೆದು, ಅದರ ಜಾಗದಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿದ ಸ್ಟಿಕರ್ ಹಚ್ಚಿದ್ದರು. ಕಂಪನಿ ಬರಿಯ ಬಣ್ಣ ಹಚ್ಚಿ ಬಿಟ್ಟಿದ್ದ ಲೀವರುಗಳಿಗೆ ಕ್ರೋಮ್ ಮಾಡಿಸಿದ್ದರು. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಎಂಜಿನ್ನಿನ ನಂಬರ್ ನೋಡಿದಾಗ. ವಿಲಿಯರ್ಸ್ ನಂಬರಿನ ಆರಂಭದಲ್ಲಿ ಬರುವ ಅಕ್ಷರ ಮತ್ತು ಅಂಕಿಗಳು ಅದು ಯಾವ ಮಾದರಿಯ ಎಂಜಿನ್, ಯಾವ ಬಳಕೆಗಾಗಿ ತಯಾರಾದದ್ದು ಎಂಬುದನ್ನು ಹೇಳುತ್ತವೆ. ಹಳೆಯ ಯಂತ್ರಕ್ಕೆ ಅದೇ ಜಾತಕ. ಕೇಸಿಂಗ್ ನುಣುಪಾಗಲೆಂದು ಗ್ರೈಂಡರ್ ಹಿಡಿದು ಆ ಅಕ್ಷರಗಳನ್ನೇ ಅರ್ಧ ಅಳಿಸಿಹಾಕಿದ್ದರು. ವರ್ಕ್‌ಶಾಪಿನವರಿಗೆ ಹೇಳಿದಾಗ ಅವರಿಗೆ ಅದು ತಪ್ಪೆಂದೇ ಅನ್ನಿಸಲಿಲ್ಲ. ಬೈಕುಗಳಿಗೆ ಮಾಡುವ ಕೆಲಸವನ್ನೇ ಇದಕ್ಕೂ ಶ್ರದ್ಧೆಯಿಂದ ಮಾಡಿದ್ದರು. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಕೇಳಿರಲಿಲ್ಲ.

ಬಂಗಲೆಯ ಯಂತ್ರ ಇದಕ್ಕೆ ತದ್ವಿರುದ್ಧ. ಅದನ್ನು ಶೆಡ್ಡಿನಿಂದ ಹೊರಗೆಳೆದಾಗ ಚೈನಿನ ಕವಚದ ಮೇಲೆ ಬೆರಳಿನ ದಪ್ಪಕ್ಕೆ ಗ್ರೀಸು ಮತ್ತು ಒಣಹುಲ್ಲು ಸೇರಿ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಅದನ್ನು ನಾಲ್ಕು ಸಂಜೆ ಕೂತು ಬಿಡಿಸಿದೆ. ಆ ಪದರದ ಕೆಳಗೆ ಮೂಲ ಹಸಿರು ಬಣ್ಣ ಹೊಸದರಂತೆಯೇ ಉಳಿದಿತ್ತು, ಏಕೆಂದರೆ ಬಿಸಿಲೂ ಮಳೆಯೂ ಅದನ್ನು ಎಂದೂ ಮುಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಹಚ್ಚಿದ ಹಸಿರು ನಿಜವಾಗಿ ಎಂಥದ್ದಾಗಿತ್ತು ಎಂಬುದಕ್ಕೆ ನನ್ನ ಕೈಯಲ್ಲಿ ಈಗ ಅಂಗೈ ಅಗಲದ ಸಾಕ್ಷಿಯಿದೆ. ಬಣ್ಣ ಬಳಿದ ಯಂತ್ರದ ಹಸಿರು ಅದಕ್ಕೆ ಹತ್ತಿರವೂ ಬರುವುದಿಲ್ಲ. ನಂಬರ್ ಸ್ಪಷ್ಟವಾಗಿದೆ. ಸ್ಕ್ರೂಗಳ ತಲೆ ಕೆಟ್ಟಿಲ್ಲ, ಅಂದರೆ ಇದನ್ನು ಬಿಚ್ಚಿದವರು ಸರಿಯಾದ ಸ್ಕ್ರೂಡ್ರೈವರ್ ಹಿಡಿದಿದ್ದರು. ಬಲಗಡೆಯ ಹಿಡಿಕೆ ಎಡಗಡೆಯದಕ್ಕಿಂತ ಹೆಚ್ಚು ಸವೆದಿದೆ. ಆ ಬಂಗಲೆಯ ಲಾನಿನ ಆಕಾರ ನೋಡಿದರೆ ಕಾರಣ ಹೊಳೆಯುತ್ತದೆ: ಪ್ರತಿ ಸಾಲಿನ ಕೊನೆಯಲ್ಲೂ ಯಂತ್ರವನ್ನು ಒಂದೇ ಬದಿಗೆ ಹೊರಳಿಸಬೇಕಾಗಿತ್ತು. ಇಂತಹ ಗುರುತುಗಳನ್ನು ಯಾವ ಅಂಗಡಿಯೂ ಮತ್ತೆ ಮಾಡಿಕೊಡಲಾರದು. ಟ್ಯಾಂಕಿನ ತಗ್ಗನ್ನೂ ನಾನು ಹಾಗೆಯೇ ಬಿಟ್ಟಿದ್ದೇನೆ. ಬರಿಯ ಲೋಹ ಕಾಣುವಲ್ಲಿ ತುಕ್ಕು ಹರಡದಂತೆ ತೆಳುವಾಗಿ ಮೇಣ ಹಚ್ಚಿದ್ದನ್ನು ಬಿಟ್ಟರೆ ಹೊರಮೈಗೆ ಬೇರೇನನ್ನೂ ಮಾಡಿಲ್ಲ. ಹಳೆಯ ಬಣ್ಣದಲ್ಲಿ ಸೀಸದ ಅಂಶ ಇರುವ ಸಾಧ್ಯತೆ ಹೆಚ್ಚು, ಹಳೆಯ ಕ್ಲಚ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಆದ್ದರಿಂದ ಒಣಗಿದ ಮೈಯನ್ನು ಉಪ್ಪುಕಾಗದದಿಂದ ಉಜ್ಜುವುದೂ, ಕ್ಲಚ್ಚಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದೂ ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಎಂಜಿನ್ನಿನ ಒಳಗೆ ಮಾತ್ರ ನಾನು ಇಷ್ಟು ಸಂಕೋಚಪಡಲಿಲ್ಲ. ಹೊಗೆ ಹೊರಹೋಗುವ ಕಿಂಡಿ ಕಾರ್ಬನ್ನಿನಿಂದ ಮೂರನೇ ಒಂದು ಭಾಗ ಮುಚ್ಚಿಹೋಗಿತ್ತು. ಅದನ್ನು ಉಕ್ಕಿನಿಂದ ಕೆರೆದರೆ ಪಿಸ್ಟನ್ ಗೀರಿಹೋಗುತ್ತದೆ. ಚೂಪು ಮಾಡಿದ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆವು. ಕಿಡಿಯ ಏರ್ಪಾಡಿನ ಪಾಯಿಂಟ್ ಉಜ್ಜಿ, ಗ್ಯಾಪ್ ಹೊಂದಿಸಿ, ಕಂಡೆನ್ಸರ್ ಬದಲಿಸಿದ ಮೇಲೆ ಕಿಡಿ ನೀಲಿಯಾಯಿತು.

ಪೆಟ್ರೋಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಯಂತ್ರಗಳು ಈಗ ಹಾಳಾಗುತ್ತಿರುವುದು ಹೆಚ್ಚಾಗಿ ಇದರಿಂದಲೇ. ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಇಂದು ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರಿನ ಲೋಹವನ್ನು ಬಿಳಿ ಪುಡಿಯಾಗುವಂತೆ ತಿನ್ನುತ್ತದೆ. ಈ ಹಳೆಯ ಯಂತ್ರಗಳ ಪೆಟ್ರೋಲ್ ಟ್ಯಾಪುಗಳಲ್ಲಿ ಸೋರಿಕೆ ತಡೆಯುವುದು ಒಂದು ಕಾರ್ಕ್ ತುಂಡು. ಅದು ಒಣಗಿದರೆ ಕುಗ್ಗಿ ತೊಟ್ಟಿಕ್ಕುತ್ತದೆ. ಆದರೂ ಎಥನಾಲಿನ ಕಾಟವೇ ಹೆಚ್ಚಾದ್ದರಿಂದ ನಾನು ಪ್ರತಿ ಸಲವೂ ಬೇಕಾದಷ್ಟೇ ಪೆಟ್ರೋಲ್ ಹಾಕಿ, ಕೆಲಸ ಮುಗಿದ ಮೇಲೆ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಟ್ಯಾಂಕನ್ನು ಖಾಲಿ ಮಾಡಿ ಇಡುತ್ತೇನೆ. ಎಣ್ಣೆಯ ಪ್ರಮಾಣ ಇನ್ನೊಂದು ವಿಷಯ. ಈ ಎಂಜಿನ್ನುಗಳ ಕಾಲದಲ್ಲಿ 16 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸುತ್ತಿದ್ದರು, ಅಂದರೆ ಲೀಟರಿಗೆ ಸುಮಾರು 60 ಮಿ.ಲೀ. ಇಂದಿನ 2ಟಿ (ಟೂ ಸ್ಟ್ರೋಕ್) ಆಯಿಲ್ ಆಗಿನ ಎಣ್ಣೆಗಿಂತ ಉತ್ತಮವಾಗಿರುವುದರಿಂದ ನಾನು ಲೀಟರಿಗೆ 40 ಮಿ.ಲೀ., ಎಂದರೆ 25ಕ್ಕೆ ಒಂದು ಪಾಲಿನಂತೆ ಬೆರೆಸುತ್ತೇನೆ. ಹೊಗೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ, ಎಂಜಿನ್ ಬಿಸಿಯಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು, ಇಂಗ್ಲೆಂಡಿನಲ್ಲಿ ಹೊಂದಿಸಿದ ಕಾರ್ಬೊರೇಟರ್ ಇಲ್ಲಿ ಸ್ವಲ್ಪ ಹೆಚ್ಚೇ ಪೆಟ್ರೋಲ್ ಕೊಡುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊಂದಿರುವುದರಿಂದ ಮಿಶ್ರಣವನ್ನು ಅದಕ್ಕೆ ವಿರುದ್ಧವಾದ ದಿಕ್ಕಿಗೆ ಎಳೆಯುತ್ತದೆ. ಎರಡೂ ಸೇರಿ ಒಂದರ ಏರುಪೇರನ್ನು ಇನ್ನೊಂದು ಬಹುಮಟ್ಟಿಗೆ ಸರಿದೂಗಿಸುವುದರಿಂದ, ಕಾರ್ಬೊರೇಟರಿನ ಸೂಜಿಯನ್ನು ನಾನು ಮುಟ್ಟಬೇಕಾಗಲಿಲ್ಲ.

ಹುಲ್ಲಿನ ಮೇಲೆ ಇದರ ಕೆಲಸ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಹುಲ್ಲಿನ ಮೇಲೆಯೇ ನಿಂತಿದೆ. ಬಸವನಗುಡಿಯ ನಮ್ಮ ಸಂಬಂಧಿಕರ ಮನೆಯ ಮುಂದಿನ ಲಾನ್ ಗರಿಕೆಯದು. ಗಣೇಶನಿಗೆ ಏರಿಸುವ ಗರಿಕೆಯೇ ಜಗತ್ತಿನ ಆಟದ ಮೈದಾನಗಳಲ್ಲಿ ಬರ್ಮುಡಾ ಹುಲ್ಲೆಂದು ಹೆಸರಾದದ್ದು. ಗಿಡ್ಡಕ್ಕೆ ಕತ್ತರಿಸಿದಷ್ಟೂ ಅದು ದಟ್ಟವಾಗುತ್ತದೆ. ಜನವರಿಯಿಂದ ಮೇ ತಿಂಗಳವರೆಗೆ, ನೆಲ ಒಣಗಿ ಸಮನಾಗಿರುವಾಗ, ಆಟ್ಕೊ ಅದನ್ನು ಕ್ಷೌರ ಮಾಡಿದಷ್ಟು ಅಚ್ಚುಕಟ್ಟಾಗಿ ಕತ್ತರಿಸುತ್ತದೆ. ತುದಿಗಳು ಹರಿಯುವುದಿಲ್ಲವಾದ್ದರಿಂದ ಮರುದಿನ ಹಳದಿಯಾಗುವುದಿಲ್ಲ. ಮುಂಗಾರು ಹಿಡಿದ ಮೇಲೆ ಚಿತ್ರ ಬದಲಾಗುತ್ತದೆ. ಹತ್ತು ದಿನ ಬಿಟ್ಟರೆ ಹುಲ್ಲು ಮುಂದಿನ ರೋಲರಿಗೆ ಬಾಗಿ ಮಲಗಿ ಅಲಗಿನ ಕೆಳಗೆ ತಪ್ಪಿಸಿಕೊಳ್ಳುತ್ತದೆ. ಒದ್ದೆ ಹುಲ್ಲು ಪೆಟ್ಟಿಗೆಗೆ ಹಾರದೆ ಸಿಲಿಂಡರಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದ ಮೂರು ತಿಂಗಳು ಅಲ್ಲಿ ಕರೆಂಟಿನ ರೋಟರಿ ಮೋವರ್, ಎಂದರೆ ನೆಲಕ್ಕೆ ಸಮಾನಾಂತರವಾಗಿ ಗಿರ್ರನೆ ತಿರುಗುವ ಅಲಗಿನ ಯಂತ್ರ, ಬಳಸುತ್ತಾರೆ, ಅದು ಸರಿಯಾದ ನಿರ್ಧಾರ. ಹೊಗೆಯ ಮಾತನ್ನೂ ಮುಚ್ಚಿಡುವಂತಿಲ್ಲ. ಹೊಸ ಮಿಶ್ರಣದ ಒಂದು ಪಾಲು ಸುಡದೆಯೇ ಹೊರಹೋಗುವುದು ಈ ಬಗೆಯ ಎಂಜಿನ್ನಿನ ಹುಟ್ಟುಗುಣ, ಅದರ ಕಾರಣದಿಂದಲೇ ಟೂ ಸ್ಟ್ರೋಕ್ ಆಟೋಗಳು ನಮ್ಮ ರಸ್ತೆಗಳಿಂದ ಸರಿದವು. ಅಕ್ಕಪಕ್ಕದ ಕಿಟಕಿಗಳು ತೆರೆದಿರುವ ಹೊತ್ತಿನಲ್ಲಿ ನಾನು ಇದನ್ನು ಓಡಿಸುವುದಿಲ್ಲ, ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಓಡಿಸುವುದೂ ಇಲ್ಲ.

ರೋಟರಿ ಎಂದಾಗ, ಟೂ ಸ್ಟ್ರೋಕ್ ಮೋವರ್‌ಗಳ ಸಂಗ್ರಹಕಾರರು ಪ್ರೀತಿಸುವ ಇನ್ನೊಂದು ಕವಲನ್ನು ಹೇಳದೆ ಬಿಡುವಂತಿಲ್ಲ. ಸಿಡ್ನಿಯ ಕಾಂಕರ್ಡ್ ಬಡಾವಣೆಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ 1952ರಲ್ಲಿ ಒಂದು ವಿಲಿಯರ್ಸ್ ಎಂಜಿನ್ನನ್ನು ಅಡ್ಡ ಮಲಗಿಸಿ, ಅದರ ದಂಡಕ್ಕೆ ನೇರವಾಗಿ ಅಲಗು ಜೋಡಿಸಿ, ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕಾಗಿ ಕೂರಿಸಿ ಮಾಡಿದ ಯಂತ್ರವೇ ವಿಕ್ಟಾ ಮೋವರ್‌ನ ಮೂಲ. ಅಲ್ಲಿ ಈಳಿಗೆಯ ತತ್ವವಿಲ್ಲ. ಕುಡುಗೋಲು ಬೀಸಿದಂತೆ ವೇಗದ ಬಲದಿಂದಲೇ ಹುಲ್ಲು ತುಂಡಾಗುತ್ತದೆ, ಆದ್ದರಿಂದ ಎತ್ತರದ ಒರಟು ಹುಲ್ಲಿಗೂ ಅದು ಜಗ್ಗುವುದಿಲ್ಲ. ಆಸ್ಟ್ರೇಲಿಯನ್ನರಿಗೆ ಆ ಯಂತ್ರ ಎಷ್ಟು ಹತ್ತಿರವೆಂದರೆ 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ವಿಕ್ಟಾ ಮೋವರ್‌ಗಳನ್ನು ಮೈದಾನಕ್ಕೇ ತಂದರು. ಸ್ವೀಡನ್ನಿನ ಕಾರ್ಲ್ ಡಾಲ್ಮನ್ 1960ರ ದಶಕದಲ್ಲಿ, ಹೋವರ್‌ಕ್ರಾಫ್ಟ್ ನೋಡಿ ಪ್ರೇರಣೆ ಪಡೆದು, ಗಾಳಿಯ ಮೆತ್ತೆಯ ಮೇಲೆ ತೇಲುವ ಫ್ಲೈಮೊ ರೂಪಿಸಿದರು. ಅದಕ್ಕೆ ಚಕ್ರವೇ ಇಲ್ಲ. ಇಳಿಜಾರಿನಲ್ಲಿ ಹೇಗೆ ವಾಲಿಸಿದರೂ ಎಂಜಿನ್ನಿಗೆ ಎಣ್ಣೆ ತಪ್ಪಬಾರದು ಎಂದಾಗ, ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿಕೊಂಡ ಟೂ ಸ್ಟ್ರೋಕ್ ಆ ವಿನ್ಯಾಸಕ್ಕೆ ಹೇಳಿಮಾಡಿಸಿದಂತಿತ್ತು. ಅಮೆರಿಕದ ಲಾನ್ ಬಾಯ್ ಯಂತ್ರಗಳನ್ನು ದೋಣಿ ಮೋಟಾರು ತಯಾರಿಸುವವರೇ ಮಾಡುತ್ತಿದ್ದರು; ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದ ಅದರ ಹಗುರವಾದ ಮೈ ಇಂದಿಗೂ ತುಕ್ಕಿಲ್ಲದೆ ಉಳಿಯುತ್ತದೆ. ಬೆಂಗಳೂರಿನ ಗುಜರಿಗಳಲ್ಲಿ ಈ ಮೂರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಟೋನ್ಮೆಂಟಿನ ಹಳೆಯ ಮನೆಗಳಿಂದ ಹೊರಬರುವುದು ಸಾಮಾನ್ಯವಾಗಿ ಬ್ರಿಟಿಷ್ ಸಿಲಿಂಡರ್ ಮೋವರ್‌ಗಳೇ.

ಬೆಲೆಯ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದು ಹಣ ಹೂಡಿ ಲಾಭ ಎಣಿಸುವ ವಸ್ತುವಲ್ಲ. 1921ರ ಮೊದಲ ಆಟ್ಕೊಗಳಂತಹ ಆರಂಭದ ಯಂತ್ರಗಳಿಗೆ ಬ್ರಿಟನ್ನಿನ ಸಂಗ್ರಹಕಾರರಲ್ಲಿ ಬೇಡಿಕೆಯಿದೆ, ಸೌತ್‌ಪೋರ್ಟ್ ಊರಿನಲ್ಲಿ ಲಾನ್ ಮೋವರ್‌ಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ನಂತರದ ದಶಕಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಮಾದರಿಗಳು ಅಲ್ಲಿಯೂ ದುಬಾರಿಯಲ್ಲ, ಅವುಗಳ ತೂಕದಿಂದಾಗಿ ಸಾಗಣೆಯ ವೆಚ್ಚವೇ ಬೆಲೆಯನ್ನು ಮೀರುತ್ತದೆ. ಇಲ್ಲಿ ಕೊಳ್ಳುವವರು ಕೆಲವರೇ ಇರುವುದರಿಂದ ನಿಗದಿಯಾದ ದರವೆಂಬುದಿಲ್ಲ. ಓಡದ, ಆದರೆ ಭಾಗಗಳೆಲ್ಲ ಇರುವ ಯಂತ್ರಕ್ಕೆ ನಾನಾದರೆ 10,000ದಿಂದ 15,000 ರೂಪಾಯಿ ಕೊಟ್ಟೇನು. ಹುಲ್ಲು ಪೆಟ್ಟಿಗೆ, ನಂಬರ್ ಫಲಕ, ಮೂಲ ಕಾರ್ಬೊರೇಟರ್ ಇವುಗಳಲ್ಲಿ ಒಂದು ಇಲ್ಲದಿದ್ದರೂ ಅರ್ಧ ಬೆಲೆಗಿಂತ ಹೆಚ್ಚು ಕೊಡಲಾರೆ. ಎಂಜಿನ್ ಜಾಮ್ ಆಗಿದೆ ಎಂಬುದಕ್ಕೆ ಹೆದರಬೇಕಾಗಿಲ್ಲ. ಬಹಳ ಸಲ ಅದು ವರ್ಷಗಟ್ಟಲೆ ನಿಂತು ರಿಂಗು ಅಂಟಿಕೊಂಡಿರುವುದಷ್ಟೇ, ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ವಾರ ಕಾದರೆ ಬಿಡುತ್ತದೆ. ಹೆದರಬೇಕಾದದ್ದು ಹೊಸ ಬಣ್ಣಕ್ಕೆ. ಹೊಳೆಯುವ ಯಂತ್ರವನ್ನು ಯಾರಾದರೂ ತೋರಿಸಿದರೆ, ಬಣ್ಣ ಬಳಿಯುವ ಮೊದಲಿನ ಫೋಟೋಗಳನ್ನು ಕೇಳಿ. ನಂಬರ್ ಇರುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಪ್ಲಗ್ ವೈರ್ ತೆಗೆದು, ಅಲಗುಗಳ ಸಿಲಿಂಡರನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಒಂದು ತುಂಡು ದಿನಪತ್ರಿಕೆಯನ್ನು ಅಲಗಿಗೆ ಒಡ್ಡಿ. ಈ ತುದಿಯಿಂದ ಆ ತುದಿಯವರೆಗೆ ಕಾಗದ ಮಡಚಿಕೊಳ್ಳದೆ ಕತ್ತರಿಸಿದರೆ ಮಾತ್ರ ರೆಸ್ಟೋರ್ ಎಂಬ ಮಾತಿಗೆ ಅರ್ಥವಿದೆ.

ನನ್ನ ಎರಡನೆಯ ಯಂತ್ರಕ್ಕೂ ಒಂದು ಕೊರತೆಯಿತ್ತು: ಹುಲ್ಲು ಪೆಟ್ಟಿಗೆ ಇರಲಿಲ್ಲ. ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಅದೇ, ಏಕೆಂದರೆ ಅದು ಕೈಗೆ ಸುಲಭವಾಗಿ ಬಿಡಿಸಿ ಬರುತ್ತದೆ ಮತ್ತು ಹತ್ತು ಬೇರೆ ಕೆಲಸಕ್ಕೆ ಒದಗುತ್ತದೆ. ಬಂಗಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ಮಾಲಿಯ ಮಗ ಈಗ ಹೆಣ್ಣೂರಿನ ಕಡೆ ಸಸಿಗಳ ನರ್ಸರಿ ಇಟ್ಟಿದ್ದಾರೆಂದು ತಿಳಿದು ಕಳೆದ ಫೆಬ್ರುವರಿಯಲ್ಲಿ ಹುಡುಕಿಕೊಂಡು ಹೋದೆ. ಪೆಟ್ಟಿಗೆಯ ಆಕಾರವನ್ನು ಕೈಸನ್ನೆಯಲ್ಲಿ ತೋರಿಸಿದ ಕೂಡಲೇ ಅವರು, “ಅದಾ? ಅದರಲ್ಲಿ ಗೊಬ್ಬರ ಇಟ್ಟಿದೀವಿ ಸಾರ್” ಎಂದು ಹಿಂದಿನ ನೆರಳುಪರದೆಯ ಕೆಳಗೆ ಕರೆದೊಯ್ದರು. ಎರೆಗೊಬ್ಬರ ತುಂಬಿದ್ದ ಪೆಟ್ಟಿಗೆಯ ತಳದಲ್ಲಿ ನಾಣ್ಯದಗಲದ ಎರಡು ತೂತು ಬಿದ್ದಿದ್ದವು. ಕೊಕ್ಕೆಗಳು ಮಾತ್ರ ನೆಟ್ಟಗಿದ್ದವು. ಬದಲಿಗೆ ಎರಡು ಹೊಸ ಟಬ್ಬುಗಳನ್ನು ತಂದುಕೊಟ್ಟು ಅದನ್ನು ಮನೆಗೆ ತಂದು ಜೋಡಿಸಿದಾಗ, ಕೊಕ್ಕೆಗಳು ಮೋವರ್‌ನ ಮುಂದಿನ ಕಡ್ಡಿಯ ಮೇಲೆ ಸವೆದ ಜಾಗದಲ್ಲೇ ಹೋಗಿ ಕೂತವು. ಪೆಟ್ಟಿಗೆಯ ಹಸಿರು ಬಿಸಿಲಿಗೆ ಬೂದಿಬಣ್ಣವಾಗಿದೆ, ಯಂತ್ರದ ಹಸಿರಿನ ಪಕ್ಕ ಬೇರೆಯಾಗಿಯೇ ಕಾಣುತ್ತದೆ. ತೂತುಗಳಿಗೆ ಒಳಗಿನಿಂದ ಒಂದು ತಗಡು ಕೊಟ್ಟಿದ್ದೇನೆ, ಬಣ್ಣ ಹಚ್ಚಿಲ್ಲ.